ಫ್ಲೆಕ್ಸಿನ ಮೂಲೆಯ ಕುದುರೆ

ಮರಳೂರಿನ ಫ್ಲೆಕ್ಸ್ ಅಂಗಡಿಯಲ್ಲಿದ್ದ ಆ ಡಿಸೈನರನ ಊರು ಕುಣಿಗಲ್, ಕುದುರೆಗೆ ಹೆಸರಾದದ್ದು. ಆ ಹೆಮ್ಮೆಯನ್ನು ಅವನು ನಮ್ಮೆಲ್ಲರ ಫ್ಲೆಕ್ಸುಗಳ ಮೇಲೆ ತೀರಿಸಿಕೊಳ್ಳುತ್ತಿದ್ದ. ಗೃಹಪ್ರವೇಶವಾಗಲಿ, ಬೇಕರಿಯ ಬೋರ್ಡಾಗಲಿ, ಹಲ್ಲಿನ ಡಾಕ್ಟರ ಜಾಹೀರಾತಾಗಲಿ, ಮೂಲೆಯಲ್ಲೊಂದು ಬಿಳಿ ಕುದುರೆ ಓಡುತ್ತಲೇ ಇರುತ್ತಿತ್ತು. ಬೇಡವೆಂದರೆ ಮೌಸಿನಿಂದ ಕೈ ತೆಗೆದು, ಕತ್ತು ಕೆರೆದುಕೊಂಡು, "ಖಾಲಿ ಬುಟ್ರೆ ಲುಕ್ ಬರಲ್ಲ ಸಾರ್" ಎನ್ನುತ್ತಿದ್ದ.

ಅಪ್ಪ ತೀರಿಕೊಂಡಾಗ ಶ್ರದ್ಧಾಂಜಲಿಯ ಫ್ಲೆಕ್ಸಿಗೂ ಅವನ ಹತ್ತಿರವೇ ಹೋದೆ, ನನ್ನ ಹಣೆಬರಹ. ಕಂಪ್ಯೂಟರಿನಲ್ಲಿ ಅಪ್ಪನ ಪಕ್ಕ ಕುದುರೆ.

"ನಮ್ಮಪ್ಪ ಜನ್ಮದಲ್ಲಿ ಕುದ್ರೆ ಹತ್ರ ಹೋದೋರಲ್ಲ ಕಣಯ್ಯ, ತೆಗಿ" ಎಂದೆ. ಅದನ್ನು ಅಳಿಸುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ. ಆ ಖಾಲಿ ಮೂಲೆಯನ್ನು ಅವನು ಹುಣ್ಣು ನೋಡುವಂತೆ ನೋಡುತ್ತಿದ್ದ.

ತಿಥಿಯ ದಿನ ಮನೆಯ ಮುಂದೆ ಫ್ಲೆಕ್ಸ್ ಕಟ್ಟಿ ಹೋದರು. ಕುದುರೆ ಇರಲಿಲ್ಲ. ಅದರ ಜಾಗದಲ್ಲಿ ನನ್ನ ವಾಟ್ಸಾಪ್ ಫೋಟೋ, ಅಪ್ಪನ ಮುಖಕ್ಕಿಂತ ದೊಡ್ಡದಾಗಿ, ನಗುತ್ತಿತ್ತು. ನಾನು ಹೊರಗೆ ಬಂದು ನೋಡುವಷ್ಟರಲ್ಲಿ, ಗುಬ್ಬಿಯಿಂದ ಬಂದ ದೂರದ ನೆಂಟರೊಬ್ಬರು ಅದಕ್ಕೇ ಹಾರ ಹಾಕಿ, ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು.

ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡ.

"ಅದ್ಕೇ ಸಾರ್ ನಾನ್ ಹೇಳಿದ್ದು. ಕುದ್ರೆ ಇದ್ದಿದ್ರೆ ಅದಕ್ಕೆ ಯಾರ್ ಹಾರ ಹಾಕ್ತಿದ್ರು?"