ತೊಳೆಯದ ಒಣಮೀನು

"ರಾತ್ರಿ ಹಾಸಿಗೆ ಒದ್ದೆ ಮಾಡಿದ್ರೆ ತೊಳೂದ್ಯಾರು?" ಎನ್ನುತ್ತ ಕಾರವಾರದ ವೃದ್ಧಾಶ್ರಮದ ಮೇಲ್ವಿಚಾರಕಿ ಮಧ್ಯಾಹ್ನದಿಂದಲೇ ನನ್ನ ಹೆತ್ತ ಆಯಿಗೆ ನೀರು ಕೊಡುತ್ತಿರಲಿಲ್ಲ. ಮೂತ್ರ ಹಳದಿಗಟ್ಟಿ ನಾತ ಹೊಡೆದರೆ, ಸೋಂಕು ಎಂದು ತಾನೇ ಹೇಳಿ ಆಂಟಿಬಯೋಟಿಕ್ ನುಂಗಿಸುತ್ತಿದ್ದಳು. ಭೇದಿಯಾಗಿ ಆಯಿ ಹಣ್ಣಾದಳು. ಕೇಣಿಯ ನಮ್ಮ ಮನೆಗೆ ಕರೆತಂದೆ. ಸೋಂಕೇ ಇಲ್ಲ, ಚೆನ್ನಾಗಿ ನೀರು ಕುಡಿಸಿ ಎಂದರು ಅಂಕೋಲೆಯ ಡಾಕ್ಟರು.

ಆಯಿಯ ಬಟ್ಟೆಗಂಟು ಕೊಡಲು ಆ ಮಹಾತಾಯಿ ಒಮ್ಮೆ ನಮ್ಮ ಮನೆಗೆ ಬಂದಳು. ನಗುತ್ತಲೇ ಊಟಕ್ಕೆ ಕೂರಿಸಿದೆ. ಒಣ ಬಂಗಡೆಯನ್ನು ತೊಳೆದು ಉಪ್ಪು ಬಿಡಿಸಿಯೇ ಸುಡುವವರು ನಾವು. ಅಂದು ನಾನು ತೊಳೆಯಲಿಲ್ಲ.

"ಅಕ್ಕಾ, ನೀರು ಕೊಡಿ" ಎಂದಳು.

"ದಾರಿಯಲ್ಲಿ ಸೀರೆ ಒದ್ದೆ ಮಾಡಿದ್ರೆ ತೊಳೂದ್ಯಾರು? ಬೇಕಾದ್ರೆ ಗುಳಿಗೆ ಕೊಡ್ತೆ" ಎಂದೆ.

ಒಳಗೆ ಆಯಿ ಚೊಂಬೆತ್ತಿ ಗಟಗಟ ನೀರು ಕುಡಿಯುವ ಸದ್ದು ಅವಳಿಗೂ ಕೇಳಿಸುತ್ತಿತ್ತು.