ಇಡೀ ಮೈ ತಿರುಗಿಸಿ ನೋಡುವವಳು

ನೆತ್ತಿಯ ಮೇಲೆ ಮೀನಿನ ಬುಟ್ಟಿ ಇರುತ್ತಿದ್ದರಿಂದ ಅವಳಿಗೆ ಬರೀ ಕತ್ತು ಹೊರಳಿಸಿ ಹಿಂದೆ ನೋಡಲು ಆಗುತ್ತಿರಲಿಲ್ಲ. ನಿಂತು, ಪಾದ ಎತ್ತಿಟ್ಟು, ಬುಟ್ಟಿ ಸಮೇತ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ನಮ್ಮೂರು ಅವರ್ಸಾದಲ್ಲಿ ಪಕ್ಕದ ಮನೆಯವಳು. ಕೇರಿಗೆಲ್ಲ ಅಕ್ಕ, ನನಗೂ ಅಕ್ಕ. ಹಟ್ಟಿಕೇರಿ ಕಡೆ ಬಂಗಡೆ ಮಾರಲು ಹೊರಟರೆ ಶಾಲೆಗೆ ಹೋಗುವ ನಾನು ಅವಳ ಜೊತೆ.

ಹೊಸ ಕೇರಿ ಹೊಕ್ಕರಂತೂ ತಿರುವು ತಿರುವಿಗೂ ಈ ಪ್ರದಕ್ಷಿಣೆ. ನನಗೋ ಶಾಲೆಯ ಗಂಟೆಯ ಚಿಂತೆ. "ಎಂತ ನೋಡ್ತೀಯೇ ಅಕ್ಕ, ಯಾರಾದ್ರೂ ಬೆನ್ನು ಹತ್ತಿದ್ರಾ?" ಎಂದು ರೇಗಿಸುತ್ತಿದ್ದೆ.

"ಬೆಕ್ಕು ಬಿಟ್ರೆ ನನ್ನ ಬೆನ್ನಿಗೆ ಯಾರು ಬತ್ರು ತಮಾ? ಹೋಗೂವಾಗ ಕಂಡ ದಾರಿ ಬರೂವಾಗ ಹಾಂಗೇ ಕಾಣೂದಿಲ್ಲ. ಈಗ್ಲೇ ತಿರ್ಗಿ ನೋಡ್ಕಂಡ್ರೆ ಆಯ್ತು."

ಮದುವೆಯಾಗಿ ಬಂದ ಹೊಸತರಲ್ಲಿ ದಾರಿ ತಪ್ಪಿ, ಬುಟ್ಟಿಯ ಮೀನೆಲ್ಲ ಹಾಳಾಗಿ ಅತ್ತಿದ್ದಳಂತೆ. ಅದನ್ನೂ ನಗುತ್ತಲೇ ಹೇಳುತ್ತಿದ್ದಳು.

ಹಡಗಿನ ಅಡುಗೆಮನೆಯ ಕೆಲಸ ಸಿಕ್ಕಿ ನಾನು ಮೊದಲ ಸಲ ಹೊರಟಾಗ ಬ್ಯಾಂಕಾಕಿನಲ್ಲಿ ವಿಮಾನ ಬದಲಿಸಬೇಕಿತ್ತು. ಮುಂದಿನದು ರಾತ್ರಿಗೆ. ದಿನವಿಡೀ ಕುರ್ಚಿ ಕಾಯುವುದೇಕೆಂದು ರೈಲು ಹತ್ತಿ ಪೇಟೆಗೆ ಹೋದೆ. ಓಣಿ, ಕಾಲುವೆ, ಒಣಮೀನಿನ ವಾಸನೆ. ಮೂಗು ಎಳೆದತ್ತ ನಡೆದೆ. ಗೊತ್ತಿಲ್ಲದೆಯೇ ತಿರುವಿಗೊಮ್ಮೆ ನಿಂತು, ಬೆನ್ನಿನ ಚೀಲದ ಸಮೇತ ಇಡೀ ಮೈ ತಿರುಗಿಸಿ ನೋಡುತ್ತಿದ್ದೆ. ಹಿಂದೆ ಬರುತ್ತಿದ್ದವರು ಡಿಕ್ಕಿ ಹೊಡೆದು ನಗುತ್ತಿದ್ದರು.

ಸಂಜೆಯಾಗುತ್ತ ಮೊಬೈಲಿನ ಚಾರ್ಜು ಮುಗಿಯಿತು. ಕೇಳೋಣವೆಂದರೆ ಭಾಷೆ ಬಾರದು, ಬೋರ್ಡು ಓದಲು ಬಾರದು. ವಿಮಾನ ತಪ್ಪಿದರೆ ಹಡಗು ನನಗಾಗಿ ಕಾಯುವುದಿಲ್ಲ, ಕೆಲಸ ಹೋದಂತೆಯೇ. ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯತೊಡಗಿದೆ. ನೀಲಿ ಗೇಟು ಬಂತು, ಹೂಕುಂಡ ಸಾಲಿಟ್ಟ ಮನೆ ಬಂತು, ಹೊಲಿಗೆ ಮಿಷನ್ನಿನ ಅಜ್ಜಿ ಕಂಡಳು. ಎಲ್ಲವೂ ಹೋಗುವಾಗಲೇ ತಿರುಗಿ ನೋಡಿಟ್ಟವು. ರೈಲು ನಿಲ್ದಾಣ ಕಂಡಾಗ ಕಣ್ಣು ತುಂಬಿತು. ನಾನು ಇವತ್ತು ಉಣ್ಣುವ ಅನ್ನ ಅಕ್ಕ ಉಳಿಸಿಕೊಟ್ಟದ್ದು.

ರಜೆಗೆ ಬಂದು ಇದನ್ನೆಲ್ಲ ಹೇಳಿದರೆ, "ಅಲ್ಲಿ ಬಂಗಡೆ ಸಿಕ್ತದ್ಯೋ?" ಎಂದಷ್ಟೇ ಕೇಳಿದಳು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ತೀರಿಕೊಂಡಳು. ನಾನು ಊರಲ್ಲೇ ಇದ್ದೆ, ಹೆಗಲು ಕೊಟ್ಟೆ. ಕಡಲ ದಂಡೆಯ ಮಸಣದಲ್ಲಿ ಬೆಂಕಿ ಇಟ್ಟು ಹೊರಟಾಗ ಹಿರಿಯರೊಬ್ಬರು, "ಯಾರೂ ತಿರ್ಗಿ ನೋಡೂಕಿಲ್ಲ, ಸೀದಾ ನಡೀರಿ" ಎಂದರು. ಮಸಣದಿಂದ ಬರುವಾಗ ಹಿಂದೆ ನೋಡಬಾರದೆಂಬುದು ನನಗೂ ಗೊತ್ತು. ಗಾಳಿಮರಗಳ ಹತ್ತಿರ ತಿರುವು ಬಂತು. ನಾನು ನಿಂತೆ, ಪಾದ ಎತ್ತಿಟ್ಟು, ಇಡೀ ಮೈ ತಿರುಗಿಸಿ ನೋಡಿದೆ.