ಎಲೆಯ ಚೀಲದಲ್ಲಿ ಬಂದ ನಿಂಬೆಹಣ್ಣು

ನಮ್ಮ ಕೋಳಿಗೂಡಿಗೆ ಹಾಸಿಗೆ ಬರುವುದು ಎದುರುಮನೆಯ ಗಂಗಕ್ಕನ ಹೊಂಗೆಮರದಿಂದ. ಹಳೆಯ ಗೊಬ್ಬರದ ಚೀಲದ ತುಂಬ ಒಣಗಿದ ಎಲೆ, ಹುಲ್ಲುಕಡ್ಡಿ, ಬಾಡಿದ ಹೂವು; ನನ್ನ ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ಅವಳು ತಂದು ಜಗುಲಿಗೆ ಒರಗಿಸಿ ಹೋಗಿರುತ್ತಾಳೆ. ಮೊದಲು ಹೊನ್ನಾಳಿಯ ಮಿಲ್ಲಿನಿಂದ ಭತ್ತದ ಹೊಟ್ಟು ತರಿಸುತ್ತಿದ್ದೆವು. ಅದರ ದೂಳಿಗೆ ಕೋಳಿಗಳು ಸೀನತೊಡಗಿದ ಮೇಲೆ ಎಲೆ ಬಂತು. ಎಲೆಯ ಮೇಲೆ ಅವಕ್ಕೆ ಪರಮಸುಖ. ಕೆದಕಿ, ಕೆದರಿ, ಹಿಕ್ಕೆಯನ್ನು ತಾವೇ ಅಡಿಗೆ ಸೇರಿಸಿ, ಗೂಡು ನಾರದಂತೆ ನೋಡಿಕೊಳ್ಳುತ್ತವೆ. ಸುಖವಿಲ್ಲದ್ದು ನನಗೆ.

ಏಕೆಂದರೆ, ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಬೆಳೆದ ನನಗೆ ಅಂಗಳದಲ್ಲಿ ಬಿದ್ದ ಎಲೆಯೆಂದರೆ ಒಂದು ಡಿಸ್‌ಗ್ರೇಸ್. ಇನ್ನೊಬ್ಬರು ಗುಡಿಸಿ ಬಿಸಾಡುವುದನ್ನು ನಮಗೆ ತಂದು ಕೊಡುತ್ತಾರೆಂದರೆ, ಅದು ಔದಾರ್ಯವೋ ಕಸ ಸಾಗಿಸುವ ಉಪಾಯವೋ, ನೀವೇ ಹೇಳಿ. ಆದ್ದರಿಂದ ಪ್ರತಿ ಚೀಲವನ್ನೂ ಪೇಪರಿನ ಮೇಲೆ ಸುರಿದು ನನ್ನ ಇನ್ಸ್‌ಪೆಕ್ಷನ್ ನಡೆಯುತ್ತಿತ್ತು. ಒಮ್ಮೆ ಗುಟ್ಕಾ ಚೀಟಿ, ಒಮ್ಮೆ ತಲೆಗೂದಲಿನ ಉಂಡೆ. ಈಗಂತೂ ಕೆಂಪು ಹ್ಯಾಟೆ ಕೋಳಿ ಮೊದಲ ಸಲ ಕಾವಿಗೆ ಕೂತಿದೆ, ಮೊಟ್ಟೆಗಳ ಮೇಲೆ ನಮ್ಮೆಲ್ಲರ ಜೀವ. ನನ್ನ ಡೌಟು ಇಮ್ಮಡಿಸಿತ್ತು.

ಅಮಾವಾಸ್ಯೆಯ ಮಾರನೆಯ ದಿನ ಎಲೆಗಳ ನಡುವಿನಿಂದ ಉರುಳಿದ್ದು ನಿಂಬೆಹಣ್ಣಿನ ಅರ್ಧ ಹೋಳು, ಮೈತುಂಬ ಕುಂಕುಮ. ಸೂಪರ್‌ಸ್ಟಿಷನ್ ಎಂದು ನಕ್ಕುಬಿಡಬೇಕಾದ ನಾನು ಅದನ್ನು ಮುಟ್ಟದೆ ಹಿಂದೆ ಸರಿದೆ. ನಮ್ಮ ಗೂಡಿಗೇ ಮಾಟವೇ? ಗಂಗಕ್ಕನನ್ನು ಕೂಗಿ ಕರೆದೆ.

ಅವಳು ಬಂದು ಹೋಳನ್ನು ನೋಡಿದಳು, ಆಮೇಲೆ ನನ್ನನ್ನು.

"ಮೂರು ದಾರಿ ಕೂಡೋ ಕಡೆ ನನ್ನ ಮರ ಐತೆ, ಸರೋಜಮ್ಮಾರೇ. ಓಣಿಯೋರೆಲ್ಲ ನಿವಾಳಿಸಿದ್ದು ಅಲ್ಲೇ ಬಂದು ಬೀಳ್ತೈತೆ. ಇದು ಮಾತ್ರ ನಿಮ್ಮನೇದು."

"ನಮ್ಮನೇದಾ?"

"ಹೌದ್ರಿ. ನಿನ್ನೆ ಸಂಜೆ ನಿಮ್ಮ ಸೊಸೆ ಕೋಳಿಗೂಡಿಗೆ ನಿವಾಳಿಸಿ, ತಂದು ಎಸೆದು ಹೋದ್ಲು. ನಾನು ಮರದ ಕಟ್ಟೆ ಮೇಲೇ, ಆಚೆ ಬದಿಗೆ ಕೂತಿದ್ದೆ. ಎಸೆದ ಮೇಲೆ ತಿರುಗಿ ನೋಡಬಾರ್ದಲ್ಲ, ಹಂಗಾಗಿ ಅವಳಿಗೆ ನಾನು ಕಾಣಲಿಲ್ಲ ಪಾಪ."

"ಮತ್ತೆ ಚೀಲದೊಳಗೆ ಹೆಂಗೆ ಬಂತು?"

"ಕಸಬರಿಗೆಗೆ ಸಿಕ್ಕಿತೋ, ನಾನೇ ಹಾಕಿದ್ನೋ, ಅದನ್ನೂ ನೀವೇ ಪರೀಕ್ಷೆ ಮಾಡ್ರಿ."

ಸೊಸೆ ರೇವತಿ ಬಾಗಿಲಲ್ಲಿ ಸೆರಗು ತಿರುವುತ್ತ ನಿಂತಿದ್ದಳು. "ಅತ್ತೆ, ಗಂಗಕ್ಕ ದಿನಾ ಇಣುಕಿ, ಕೋಳಿ ಎಷ್ಟು ದುಂಡಗೈತೆ ಅಂತಿದ್ರು. ಅದಕ್ಕೇ..."

ಅನುಮಾನ ಎಂಬುದು ನನ್ನೊಬ್ಬಳ ಸೊತ್ತೆಂದು ತಿಳಿದಿದ್ದೆ. ನಾನು ಪೇಪರು ಹಾಸಿ ಹುಡುಕುತ್ತಿದ್ದ ಕೇಡನ್ನೇ ರೇವತಿ ನಿಂಬೆಹಣ್ಣು ಹಿಡಿದು ಹುಡುಕಿದ್ದಳು. ಇಬ್ಬರ ಹುಡುಕಾಟವೂ ಮುಟ್ಟಿದ್ದು, ಕೂಲಿ ಕೇಳದೆ ಎಲೆ ಹೊತ್ತು ತರುವವಳನ್ನೇ. ಇನ್ನು ಇವಳು ಬರುವುದಿಲ್ಲ ಎನ್ನಿಸಿತು. ಎಲೆಯ ಚಿಂತೆ ಆಮೇಲೆ. ಬೆಳಗಿನ ಅವಳ ಚಪ್ಪಲಿಯ ಸಪ್ಪಳವೇ ನಿಂತುಹೋಗುತ್ತದಲ್ಲ.

ಗಂಗಕ್ಕ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕಾವಿಗೆ ಕೂತ ಹ್ಯಾಟೆಯನ್ನು ಕಣ್ಣರಳಿಸಿ, ಬೇಕೆಂದೇ, ಬಹಳ ಹೊತ್ತು ನೋಡಿದಳು. ರೇವತಿ ಗೂಡಿಗೆ ಅಡ್ಡ ಬರಲು ಒಂದು ಹೆಜ್ಜೆ ಇಟ್ಟಳು. ನಾನೂ.

"ಮರಿ ಆದ್ರೆ ನನಗೊಂದು ಕೊಡ್ರಿ," ಎನ್ನುತ್ತ ಎದ್ದಳು. "ಆಗಲಿಲ್ಲ ಅಂದ್ರೆ ನನ್ನ ಕಣ್ಣು ಕೆಟ್ಟದು ಅಂತ ಓಣಿಗೆಲ್ಲ ಹೇಳ್ರಿ."

ಸಾರಿ ಎನ್ನುವ ಬದಲು, ಎಲೆಯನ್ನೆಲ್ಲ ಗೂಡಿಗೆ ಹರಡಿ, ಖಾಲಿ ಚೀಲವನ್ನು ಅವಳತ್ತ ಚಾಚಿದೆ. ಗಂಗಕ್ಕ ಅದನ್ನು ತೆಗೆದುಕೊಂಡಳು. ಚೀಲದ ಬಾಯಿ ಅಗಲಿಸಿ, ತಳದವರೆಗೂ ಇಣುಕಿ ನೋಡಿ, ಒಮ್ಮೆ ಕೊಡವಿ, ಆಮೇಲೆಯೇ ಕಂಕುಳಿಗೆ ಸೇರಿಸಿದಳು.